ಬಚ್ಚಲ ಗಾಜಿನ ಮೇಲಿನ ಬಿಳುಪು

ಆಯಿಯ ಬೆರಳ ತುದಿಗಳು ಯಾವಾಗ ನೋಡಿದರೂ ಸುಕ್ಕುಗಟ್ಟಿರುತ್ತಿದ್ದವು. ಬಹಳ ಹೊತ್ತು ಹೊಳೆಯಲ್ಲಿ ಆಡಿ ಬಂದ ಮಕ್ಕಳ ಬೆರಳುಗಳಂತೆ ಬೆಳ್ಳಗೆ, ನೆರಿಗೆ ನೆರಿಗೆಯಾಗಿ. ವಯಸ್ಸಾಗಿತ್ತು, ನಿಜ. ಆದರೆ ಕೈಯ ಉಳಿದ ಭಾಗ ಅಷ್ಟು ಸುಕ್ಕಾಗಿರಲಿಲ್ಲ. ಬೆರಳ ತುದಿಗಳಿಗೆ ಮಾತ್ರ ಒಣಗಲು ಪುರುಸೊತ್ತು ಸಿಗುತ್ತಿರಲಿಲ್ಲ.

ಅವರು ಬನಹಟ್ಟಿಯಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟ ಮನೆಯೊಡತಿ. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ತವರು ತೇರದಾಳ, ಜೈನರ ಮನೆತನ. ಗಂಡ ನೂಲಿನ ವ್ಯಾಪಾರ ಮಾಡುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಅಂಗಡಿ ಮಗನ ಕೈಗೆ ಬಂದಿತ್ತು. ಮಗ, ಸೊಸೆ ಮಹಡಿಯ ಮೇಲೆ. ಕೆಳಗೆ ಆಯಿ, ಅಂಗಳದ ಪಕ್ಕದ ಕೋಣೆಯಲ್ಲಿ ನಾನು. ಪತ್ರಿಕೆಯವರು ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಭಾಗದ ವರದಿಗೆ ನನ್ನನ್ನು ಹಾಕಿದ್ದರು.

ಬೆರಳು ನೆನೆಯುತ್ತಿದ್ದುದು ನೀರು ಸೋಸಿ ಸೋಸಿ. ಹಿತ್ತಲಿನ ಬಾವಿಯ ನೀರು ಮೋಟಾರಿನಿಂದ ಟ್ಯಾಂಕಿಗೆ ಏರಿ ನಲ್ಲಿಗೆ ಬರುತ್ತಿತ್ತು. ಎರಡು ಪದರಿನ ದಪ್ಪ ಬಿಳಿ ಬಟ್ಟೆಯಲ್ಲಿ ಸೋಸದೆ ಆ ನೀರನ್ನು ಕುಡಿಯುವುದಿರಲಿ, ಪಾತ್ರೆ ತೊಳೆಯಲೂ ಆಯಿ ಬಿಡುತ್ತಿರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವು ನಮ್ಮ ಕೈಯಿಂದ ಸಾಯಬಾರದು. ಸೋಸಿದ ಬಟ್ಟೆಯನ್ನು ಹಿಂಡುವಂತಿಲ್ಲ. ಅದನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಸುರಿದು, ಹಾಗೆ ಇಳಿದ ನೀರನ್ನು ತಂಬಿಗೆಯಲ್ಲಿ ಹಿಡಿದು, ಹಗ್ಗ ಕಟ್ಟಿ ಬಾವಿಗೆ ಬಿಟ್ಟು, ನೀರಿಗೆ ತಾಗಿದ ಮೇಲೆ ಮೆಲ್ಲಗೆ ಬಗ್ಗಿಸಬೇಕು. ಎಲ್ಲಿಂದ ಬಂದವೋ ಅಲ್ಲಿಗೆ. ಈ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಭಕ್ತಿ ಒಂದು ಕಾರಣ. ಇನ್ನೊಂದು, ಬೇರೆಯವರು ಸರಿಯಾಗಿ ಮಾಡುತ್ತಾರೆಂಬ ನಂಬಿಕೆ ಅವರಿಗೆ ಇರಲಿಲ್ಲ.

ನಂಬಿಕೆ ಎಂಬುದು ಆಯಿಯಲ್ಲಿ ಬಹಳ ಕಡಿಮೆ ಇದ್ದ ಪದಾರ್ಥ. ಹಾಲಿನ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ಅದು ಜಾರುವ ಬಗೆಯನ್ನು ನೋಡಿದ ಮೇಲೆಯೇ ಪಾತ್ರೆ ಒಳಗೆ ಹೋಗುತ್ತಿತ್ತು. ಗಂಟೆ ಬಾರಿಸಿದವರಿಗೆ ಮೊದಲು ಕಿಟಕಿ ತೆರೆಯುತ್ತಿತ್ತು, ಬಾಗಿಲು ಆಮೇಲೆ. ಕೋಣೆ ಕೇಳಲು ಹೋದ ದಿನ ನನ್ನನ್ನು ಅಂಗಳದಲ್ಲಿ ನಿಲ್ಲಿಸಿಯೇ ವಿಚಾರಣೆ ಮಾಡಿದರು.

“ಉಳ್ಳಾಗಡ್ಡಿ ತಿಂತಿಯೇನು?”

“ಮನಿಯಾಗ ತಿನ್ನಂಗಿಲ್ಲರಿ.”

“ಹೊರಗ?”

“ಹೊರಗ ತಿಂತೀನ್ರಿ.”

“ಖರೆ ಹೇಳಿದಿ. ಇಲ್ಲ ಅಂದಿದ್ರ ಖೋಲಿ ಕೊಡತಿದ್ದಿಲ್ಲ.”

ನಂತರವೂ ನನ್ನ ಕೋಣೆಯ ಬಾಗಿಲ ಮುಂದೆ ಹಾಯುವಾಗ ಅವರ ನಡಿಗೆ ಸ್ವಲ್ಪ ನಿಧಾನವಾಗುತ್ತಿತ್ತು. ಮೂಗು ಈರುಳ್ಳಿ ವಾಸನೆಯನ್ನು ಹುಡುಕುತ್ತಿತ್ತು.

ಮಧ್ಯಾಹ್ನ ನನ್ನ ಪತ್ರಿಕೆ ಅವರ ಕೈಗೆ ಹೋಗುತ್ತಿತ್ತು. ಓದಿ ಮುಗಿಸಿ ಕರೆಯುತ್ತಿದ್ದರು. “ಪೇಪರ ತಮ್ಮಾ, ಇಲ್ಲಿ ಬಾ. ಹಿಪ್ಪರಗಿ ಬ್ಯಾರೇಜಿಂದ ನೀರು ಬಿಟ್ಟಾರಂತ ಬರದೀಯಲ್ಲ, ಇದು ಕಂಡದ್ದೋ, ಕೇಳಿದ್ದೋ?”

“ಅಲ್ಲಿ ಸಾಹೇಬ್ರು ಹೇಳಿದ್ರು ಆಯಿ.”

“ಅಂದ್ರ ಕೇಳಿದ್ದು. ಹಂಗಂತ ಬರಿ ಮತ್ತ.”

ಕಂಡದ್ದೋ, ಕೇಳಿದ್ದೋ. ಈ ಪ್ರಶ್ನೆಯನ್ನು ಅವರು ಹಾಲಿನವನಿಗೂ ಕೇಳುತ್ತಿದ್ದರು, ಮಗನಿಗೂ ಕೇಳುತ್ತಿದ್ದರು. ನಮ್ಮ ಸುದ್ದಿಮನೆಯಲ್ಲಿ ಹಿರಿಯರು ಉದ್ದುದ್ದ ಹೇಳಿ ಕಲಿಸುವುದನ್ನು ಆಯಿ ಎರಡು ಪದದಲ್ಲಿ ಮುಗಿಸುತ್ತಿದ್ದರು.

ಒಂದು ದಿನ ಆಯಿ ಬಚ್ಚಲ ಒದ್ದೆ ನೆಲದ ಮೇಲೆ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಮಗ ಹೆದರಿ ಕೆಳಗಿನ ಬಚ್ಚಲನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿಸಿದ. ನೆಲಕ್ಕೆ ಜಾರದ ಹಾಗೆ ಒರಟು ಶಹಾಬಾದ ಕಲ್ಲು, ಗೋಡೆಗೆ ಹಸಿರು ಟೈಲ್ಸ್, ತಲೆಯ ಮೇಲೆ ಶವರ್. ನೀರು ಇತ್ತ ಸಿಡಿಯದಂತೆ, ಅರ್ಧ ಬಚ್ಚಲು ಒಣಗಿಯೇ ಇರಲೆಂದು, ನಡುವೆ ಆಳೆತ್ತರದ ಗಾಜು. ಆಯಿ ಮೊದಲ ದಿನ ಅದರ ಎದುರು ನಿಂತು ಮೇಲೆ ಕೆಳಗೆ ನೋಡಿದರು.

“ಗಾಜಿನ ಗ್ವಾಡಿ ಹಿಂದ ಜಳಕಾ ಮಾಡೂದಂದ್ರ ಏನೋ? ನಾ ಏನು ಅಂಗಡಿ ಶೋಕೇಸಿನ್ಯಾಗ ಇಟ್ಟ ಸೀರಿ ಏನು?”

“ಬಾಗಲಾ ಹಾಕ್ಕೊಂಡ ಜಳಕಾ ಮಾಡೋದವ್ವ. ಯಾರು ನೋಡ್ತಾರ?” ಎಂದ ಮಗ.

“ಯಾರು ನೋಡ್ತಾರಂತ ಗೊತ್ತಿದ್ರ ಸಂಶಯ ಯಾಕ ಬರತೈತಿ?”

ಕೊನೆಗೆ ಒಪ್ಪಿಕೊಂಡರು. ಆದರೆ ಶವರಿನ ಬಾಯಿಗೆ ಸೋಸುವ ಬಟ್ಟೆಯನ್ನು ಚೀಲದಂತೆ ಮಾಡಿ ದಾರದಿಂದ ಬಿಗಿದು ಕಟ್ಟಿದರು. ಕುಡಿಯುವ ನೀರಿಗೆ ಒಂದು ನೇಮ, ಮೀಯುವ ನೀರಿಗೆ ಇನ್ನೊಂದು ಎಂಬುದು ಅವರಲ್ಲಿ ಇರಲಿಲ್ಲ. ಮಳೆಯಂತೆ ಬೀಳಬೇಕಾದ ನೀರು ಸೋರುವ ಮಾಳಿಗೆಯಿಂದ ಬಿದ್ದಂತೆ ಒಂದೇ ಕಡೆ ದಪ್ಪಗೆ ಬೀಳುತ್ತಿತ್ತು. ಆ ಬಚ್ಚಲನ್ನು ಬಳಸುತ್ತಿದ್ದವರು ಆಯಿ ಮತ್ತು ನಾನು ಮಾತ್ರ. ತೊಳೆಯುತ್ತಿದ್ದವಳು ಕಾಶವ್ವ.

ಕಾಶವ್ವ ಆ ಮನೆಯ ಕಸ, ಮುಸುರೆ, ಬಟ್ಟೆಯ ಕೆಲಸದವಳು. ಆಯಿಯ ಸೊಸೆ ಬರುವುದಕ್ಕೂ ಮೊದಲಿನಿಂದ ಇದ್ದವಳು. ಅದೇ ಓಣಿಯ ಇನ್ನೂ ಕೆಲವು ಮನೆಗಳಲ್ಲಿ ಅವಳಿಗೆ ಕೆಲಸವಿತ್ತು, ಎಲ್ಲವೂ ಆಯಿ ಹೇಳಿ ಕೊಡಿಸಿದವು. ಅವಳ ಮನೆ ನಡೆಯುತ್ತಿದ್ದುದು ಆ ಓಣಿಯಿಂದಲೇ.

ಕೆಲವು ವಾರಗಳಲ್ಲಿ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಕಂಡವು. ಒರೆಸಿದರೆ ಹೋಗಲಿಲ್ಲ. ಚುಕ್ಕೆಗಳು ಕೂಡಿ ಪಟ್ಟೆಗಳಾದವು. ಕೆಳಗಿನ ಭಾಗವಂತೂ ಮಜ್ಜಿಗೆ ಚೆಲ್ಲಿ ಒಣಗಿದಂತೆ ಆಯಿತು. ಅತ್ತಲಿನ ಹಸಿರು ಟೈಲ್ಸ್ ಮಂಜಿನಲ್ಲಿ ಮುಳುಗಿತು. ಬಾವಿ ನೀರು ಸವಳು ಇರುವ ಊರಿನಲ್ಲಿ ಇದು ಆಶ್ಚರ್ಯವಲ್ಲ. ನೀರಿನಲ್ಲಿ ಕರಗಿದ ಸುಣ್ಣದಂಶ, ನೀರು ಆರಿದ ಮೇಲೆ ಗಾಜಿಗೆ ಅಂಟಿ ಉಳಿಯುತ್ತದೆ. ಗಾಜು ಕೂಡಿಸಿದ ಜಮಖಂಡಿಯ ಅಂಗಡಿಯವನನ್ನು ಕರೆಸಿದಾಗ ಅವನೂ ಅದನ್ನೇ ಹೇಳಿದ. “ನಿಮ್ಮ ನೀರ ಸವಳ ಐತ್ರಿ ಆಯಿ.”

ಆಯಿ ಒಪ್ಪಲಿಲ್ಲ. “ನಮ್ಮದು ಸೋಸಿದ ನೀರು,” ಎಂದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. “ಗ್ಲಾಸ್ ಮಾರಿದಾಂವ ನೀರಿನ ಮ್ಯಾಲ ಹಾಕಲಾರದ ಇನ್ನ ಯಾರ ಮ್ಯಾಲ ಹಾಕ್ತಾನ? ಹಳೇ ಗಾಜು ಕೂಡಿಸ್ಯಾನ.”

“ಆಯಿ, ಅಂವಾ ಹೇಳೂದು ಖರೆ ಇರಬಹುದು.”

“ನೀನೂ ಅಂವನ ಪೈಕಿ ಏನು?”

ಅವರ ತರ್ಕ ಸರಳವಾಗಿತ್ತು. ಅಷ್ಟು ವರ್ಷ, ಎರಡು ಪದರಿನ ಬಟ್ಟೆಯಲ್ಲಿ, ತಮ್ಮ ಕೈಯಾರೆ ಸೋಸಿದ ನೀರು ಶುದ್ಧ. ಶುದ್ಧವಾದದ್ದು ಕರೆ ಬಿಡುವುದಿಲ್ಲ. ಹಾಗಾದರೆ ಕರೆ ಬೇರೆ ಯಾರಿಂದಲೋ ಬಂದಿರಬೇಕು.

ಅಂಗಡಿಯವನ ನಂತರ ಸರದಿ ನನ್ನ ಸಾಬೂನಿನದು. ಅದನ್ನು ಬೆಳಕಿಗೆ ಹಿಡಿದು, ಮೂಸಿ, ಉಗುರಿನಿಂದ ಕೆರೆದು ನೋಡಿದರು. ಮರುದಿನದಿಂದ ನಾನು ಹಿತ್ತಲಿನ ಕಲ್ಲಿನ ಮೇಲೆ ಬಕೆಟ್ ಇಟ್ಟುಕೊಂಡು ಮೀಯತೊಡಗಿದೆ. ಬಿಳುಪು ನಿಲ್ಲಲಿಲ್ಲ. ಆಗ ಉಳಿದವಳು ಕಾಶವ್ವ.

ಒಂದು ಮುಂಜಾನೆ ಬಚ್ಚಲ ಬಾಗಿಲು ತೆರೆದಾಗ ಆಯಿಗೆ ಆಸಿಡ್ಡಿನ ವಾಸನೆ ಬಂತಂತೆ. ಆ ಮನೆಯಲ್ಲಿ ಆಸಿಡ್ ತರುವುದು ನಿಷಿದ್ಧ. ಮೋರಿಯಲ್ಲಿನ ಹುಳು ಹುಪ್ಪಡಿ ಸಾಯುತ್ತವೆ ಎಂಬ ಕಾರಣಕ್ಕೆ ಪಾಯಖಾನೆಗೂ ಅದನ್ನು ಹಾಕುತ್ತಿರಲಿಲ್ಲ. ಕಾಶವ್ವ ಕೆಲಸ ಹಗುರವಾಗಲೆಂದು ಕದ್ದು ಆಸಿಡ್ ಸುರಿದಿದ್ದಾಳೆ, ಅದರ ಹೊಗೆಗೆ ಗಾಜು ಬೆಳ್ಳಗಾಗಿದೆ: ಆಯಿ ಹೀಗೆ ತೀರ್ಮಾನಿಸಿದರು. ತೀರ್ಮಾನಿಸಿದ ಮೇಲೆ ಕಾಯುವ ಅಭ್ಯಾಸ ಅವರಿಗಿರಲಿಲ್ಲ.

ಮಧ್ಯಾಹ್ನ ಓಣಿಯ ಹೆಂಗಸರು ಆಯಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಜೋಳ, ಬೇಳೆ ಹಸನು ಮಾಡುತ್ತಿದ್ದರು. ಕಾಶವ್ವ ಪಕ್ಕದ ಮನೆಯ ಕೆಲಸ ಮುಗಿಸಿ ಬರುತ್ತಿದ್ದಳು. ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆದ್ದರಿಂದ ಇದು ಕಂಡದ್ದು.

“ಅಲ್ಲೇ ನಿಂದ್ರು,” ಎಂದರು ಆಯಿ. “ನನ್ನ ಮನಿ ಮೋರ್ಯಾಗ ಜೀವಾ ಸಾಯೂ ನೀರ ಹಾಕಿದಾಕಿ ನೀನ ಹೌದಲ್ಲೋ?”

ಕಾಶವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. “ಆಯೀ, ನಿಮ್ಮ ಮನ್ಯಾಗ ನಾ ಇರುವಿ ಸುದ್ದಾ ದಾಟಿ ಹೋಗೀನಿ. ಏನ ಮಾತಾಡ್ತೀರಿ?”

“ವಾಸನಿ ನನ್ನ ಮೂಗಿಗೆ ಬಂದೈತಿ. ಸುಳ್ಳ ಹೇಳಬ್ಯಾಡ.”

“ಮೂಗಿಗೆ ಬಂದದ್ದೆಲ್ಲಾ ನನ್ನ ತಲಿಗಿ ಕಟ್ಟತೀರೇನ್ರಿ?”

“ನಾಳಿಂದ ಬರಬ್ಯಾಡ.”

ಕಟ್ಟೆಯ ಮೇಲಿನ ಮೊರಗಳು ನಿಂತವು. ಆ ಓಣಿಯಲ್ಲಿ ಆಯಿಯ ಬಾಯಿಂದ ಬಂದ ಮಾತು ಅಚ್ಚಾದ ಸುದ್ದಿಯ ಹಾಗೆ, ಪ್ರಶ್ನೆ ಕೇಳುವವರಿಲ್ಲ. ವಾರ ಕಳೆಯುವುದರೊಳಗೆ ಉಳಿದ ಮನೆಯವರೂ ಒಬ್ಬೊಬ್ಬರಾಗಿ ಕಾಶವ್ವನಿಗೆ ಬೇಡವೆಂದರು. ಜೀವಹಿಂಸೆ ಮಾಡುವವಳ ಕೈಯಿಂದ ಪಾತ್ರೆ ತೊಳೆಸುವುದು ಅವರಿಗೂ ಆಗುತ್ತಿರಲಿಲ್ಲ. ಕಾಶವ್ವ ಬೇರೆ ಓಣಿಗಳಲ್ಲಿ ಕೆಲಸ ಕೇಳುತ್ತ ತಿರುಗಿದಳು. ಎಲ್ಲರೂ ಒಂದೇ ಮಾತು ಕೇಳುತ್ತಿದ್ದರಂತೆ: ಆಯಿ ಮನಿ ಯಾಕ ಬಿಟ್ಟಿ?

ನಾನು ಆಯಿಯನ್ನು ಅವರದೇ ಪ್ರಶ್ನೆಯಿಂದ ಕೇಳಿದೆ. “ಕಾಶವ್ವ ಆಸಿಡ್ ಹಾಕಿದ್ದು ನೀವು ಕಂಡದ್ದೋ, ಕೇಳಿದ್ದೋ?”

“ವಾಸನಿ ಬಂತು.”

“ವಾಸನಿ ಕಂಡದ್ದೂ ಅಲ್ಲ, ಕೇಳಿದ್ದೂ ಅಲ್ಲ ಆಯಿ.”

ಅವರು ಪತ್ರಿಕೆ ಮಡಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಆದರೆ ಆ ಪ್ರಶ್ನೆ ಅವರಿಗೆ ತಾಗಿರಬೇಕು. ಬಚ್ಚಲಿಗೆ ಬೀಗ ಬಿತ್ತು. ಕೀಲಿ ಆಯಿಯ ಸೊಂಟಕ್ಕೆ ಹೋಯಿತು. ಶವರಿಗೆ ಹೊಸ ಬಟ್ಟೆ ಕಟ್ಟಿದರು. ಗಾಜಿನ ಮೂಲೆಯಲ್ಲಿ ಅಂಗೈಯಗಲದಷ್ಟು ಜಾಗವನ್ನು ತಾವೇ ಉಜ್ಜಿ ಉಜ್ಜಿ, ಕೈ ನೋಯುವಷ್ಟು ಉಜ್ಜಿ, ಸ್ವಲ್ಪ ತಿಳಿಯಾಗಿಸಿದರು. ಆಮೇಲೆ ಅಲ್ಲಿಗೆ ಅವರೊಬ್ಬರೇ ಹೋಗುವುದು, ಅವರೊಬ್ಬರೇ ಬರುವುದು. ಸಾಬೂನನ್ನೂ ಬಿಟ್ಟು ಬರಿಯ ನೀರು ಹಾಕಿಕೊಳ್ಳತೊಡಗಿದರು. ಅಂಗಡಿಯವನಿಲ್ಲ, ಬಾಡಿಗೆಯವನಿಲ್ಲ, ಕಾಶವ್ವನಿಲ್ಲ. ಉಳಿದದ್ದು ಆಯಿ ಮತ್ತು ಸೋಸಿದ ನೀರು.

ತಿಳಿಯಾದ ಜಾಗ ಮತ್ತೆ ಬೆಳ್ಳಗಾಯಿತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಸುಮ್ಮನಾಗಿ ಬೀಗ ತೆಗೆಯುತ್ತಿದ್ದರು, ಮಾತು ಮರೆಸುತ್ತಿದ್ದರು. ಆಯಿಯ ಸಂಶಯಕ್ಕೆ ನಡುದಾರಿಯಲ್ಲಿ ನಿಲ್ಲುವುದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದರು. ಬಾವಿಯ ದಂಡೆಯ ಮೇಲೆ ಎರಡು ಸ್ಟೀಲ್ ತಾಟುಗಳು ಬಿಸಿಲಿಗೆ ಒಣಗಿದ್ದವು.

“ಈ ತಾಟಿನ್ಯಾಗ ಒಮ್ಮೆ ಸೋಸಿದ ನೀರ ಹಾಕಿದ್ದೆ. ಇದರಾಗ ಸೋಸಿದ್ದನ್ನ ಮತ್ತ ಸೋಸಿ ಹಾಕಿದ್ದೆ. ನೋಡು.”

ಎರಡರ ತಳದಲ್ಲೂ ಒಂದೇ ರೀತಿಯ ಬಿಳಿ ಉಂಗುರ. ಅವರು ಸುಕ್ಕುಗಟ್ಟಿದ ಬೆರಳಿನಿಂದ ಅದನ್ನು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡರು.

“ಚಾ ಸೋಸಿದ್ರ ಪುಡಿ ಜಾಳಗಿಯಾಗ ಉಳೀತೈತಿ. ಸಕ್ಕರಿ ಉಳಿಯಂಗಿಲ್ಲ,” ಎಂದರು. “ದಿನಾ ಸೋಸತೀನಿ ಚಾ. ನನಗ ಹೊಳೀಲಿಲ್ಲ ನೋಡು.”

“ಹಂಗಾದ್ರ ಆ ವಾಸನಿ?”

“ಅದು ಎಲ್ಲಿಂದ ಬಂತೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದೆ.”

ಆ ವಾಸನೆ ಎಲ್ಲಿಂದ ಬಂತೆಂಬುದು ನನಗೂ ಇಂದಿಗೂ ತಿಳಿಯದು. ಹಿಂದಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಶೆಡ್ ಇತ್ತು. ಅಲ್ಲಿಂದ ಗಾಳಿಗೆ ಬಂದಿರಬಹುದು. ನಾನು ಖಾತ್ರಿ ಮಾಡಿಕೊಂಡಿಲ್ಲ.

ಕಾಶವ್ವನನ್ನು ಮನೆಗೆ ಕರೆಸಿ ಒಂದು ಮಾತು ಹೇಳಿಬಿಡಿ ಎಂದೆ. ಆಯಿ ತಲೆಯಾಡಿಸಿದರು.

“ಮನ್ಯಾಗ ಬೈದಿದ್ದೆನೇನು? ಕಟ್ಟಿ ಮ್ಯಾಲ ಬೈದಿದ್ದೆ.”

ಮರುದಿನ ಮಧ್ಯಾಹ್ನ, ಹೆಂಗಸರು ಮೊರ ಹಿಡಿದು ಕುಳಿತ ಹೊತ್ತಿಗೆ, ಕಾಶವ್ವನಿಗೆ ಹೇಳಿಕಳಿಸಿದರು. ಅವಳು ಬಂದು ಕಟ್ಟೆಯಿಂದ ದೂರವೇ ನಿಂತಳು. ಸೆರಗು ಬಿಗಿದು ಕಟ್ಟಿದ್ದಳು, ಜಗಳಕ್ಕೆ ತಯಾರಾಗಿ ಬಂದಂತಿತ್ತು. ಆಯಿ ಎದ್ದು ನಿಂತರು. ಅವತ್ತು ಬೈದಾಗ ಇದ್ದಷ್ಟೇ ದೊಡ್ಡ ದನಿಯಲ್ಲಿ, ಓಣಿಯ ತುದಿಯವರೆಗೆ ಕೇಳುವಂತೆ ಹೇಳಿದರು.

“ಎಲ್ಲಾರೂ ಕೇಳ್ರಿ. ಕಾಶವ್ವ ಆಸಿಡ್ ಹಾಕಿಲ್ಲ. ಆಕಿ ಹಾಕಿದ್ದು ನಾ ಕಂಡಿಲ್ಲ. ಗಾಜು ಬೆಳ್ಳಗಾಗಿದ್ದು ನಮ್ಮ ಬಾವಿ ನೀರಿನಿಂದ. ತಪ್ಪು ನಂದು. ನನ್ನ ಮಾತು ಕೇಳಿ ಯಾರ್‍ಯಾರು ಆಕೀನ ಬಿಡಿಸೀರಿ, ಅವರೆಲ್ಲಾ ತಿರಗಿ ಕರೀರಿ.”

ಕಟ್ಟೆಯ ಮೇಲಿದ್ದ ಒಬ್ಬರು ಮೆಲ್ಲಗೆ, “ಹೋಗ್ಲಿ ಬಿಡ್ರಿ ಆಯಿ, ಆಗಿದ್ದು ಆತು,” ಎಂದರು.

“ಆಕಿಗಿ ಆಗಿದ್ದು ನಿನಗ ಆಗಿದ್ರ ಹಂಗ ಅಂತಿದ್ದಿಲ್ಲ ನೀನು.”

ಕಾಶವ್ವ ಕರಗಲಿಲ್ಲ. “ಇವತ್ತ ಕರೀತೀರಿ. ನಾಳಿ ಮತ್ತ ನಿಮ್ಮ ಮೂಗಿಗಿ ಏನರ ಬಂದ್ರ?”

“ಬಂದ್ರ ಮೊದಲ ನಿನ್ನ ಮೂಗಿಗಿ ತೋರಸ್ತೀನಿ. ಆಮ್ಯಾಲ ಬಾಯಿ ತಗೀತೀನಿ.”

ಯಾರೋ ನಕ್ಕರು. ಕಾಶವ್ವ ನಗಲಿಲ್ಲ. “ಬಚ್ಚಲ ಕೀಲಿ ನನ್ನ ಕಡೆ ಇರಬೇಕು. ಇನ್ನ ಆ ಬಾಗಲಾಕ ಬೀಗ ಬೀಳಬಾರದು,” ಎಂದಳು. ಆಯಿ ಸೊಂಟದಿಂದ ಕೀಲಿ ಬಿಚ್ಚಿ ಎಲ್ಲರ ಎದುರೇ ಕೊಟ್ಟರು.

ವರದಿಗಾರನ ಚಟ, ನನಗೂ ಅನುಮಾನ ಬಂದಿತ್ತು. ಬೇರೆ ಕೆಲಸದವಳು ಸಿಗದ ಕಾರಣಕ್ಕೆ ಆಯಿ ಹೀಗೆ ಮಾಡಿದರೇ? ವಿಚಾರಿಸಿದೆ. ಹಿಂದಿನ ವಾರವೇ ಬೇರೊಬ್ಬ ಹೆಂಗಸು ಬಂದು ಕೆಲಸ ಕೇಳಿದ್ದಳು, ಸೊಸೆಗೆ ಅವಳು ಒಪ್ಪಿಗೆಯೂ ಆಗಿದ್ದಳು. ಆಯಿಗೆ ಕಾಶವ್ವ ಬೇಕೇಬೇಕು ಎಂಬ ಅನಿವಾರ್ಯತೆ ಇರಲಿಲ್ಲ. ಅನುಮಾನವನ್ನು ಅಲ್ಲಿಗೆ ಕೈಬಿಟ್ಟೆ.

ಗಾಜು ತಿಳಿಯಾದದ್ದು ಆ ವಾರ. ಆಸಿಡ್ ಬರುವಂತಿಲ್ಲ. ಬ್ಲೇಡಿನಿಂದ ಕೆರೆಯುತ್ತೇನೆಂದ ಕಾಶವ್ವನಿಗೆ ಆಯಿ ಗೀರು ಬೀಳುತ್ತದೆಂದು ಬಿಡಲಿಲ್ಲ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವ ಕೈಗಳು ಹುಳಿಯ ಕಡೆಗೇ ಹೋದವು. ಲಿಂಬೆಹಣ್ಣು ಬಂತು. ಒಳಗೆ ಹುಳುವಿದೆಯೇ ಎಂದು ಆಯಿ ಪ್ರತಿ ಹೋಳನ್ನೂ ಬೆಳಕಿಗೆ ಹಿಡಿದು ನೋಡಿ ಕೊಟ್ಟರು. ರಸಕ್ಕೆ ಸ್ವಲ್ಪ ಬಿಸಿನೀರು ಬೆರೆಸಿ, ಹಳೆಯ ಧೋತರದ ಮೆತ್ತನೆಯ ತುಂಡುಗಳನ್ನು ಅದರಲ್ಲಿ ಅದ್ದಿ, ಜ್ವರ ಬಂದವರ ಹಣೆಗೆ ಹಾಕುವಂತೆ ಗಾಜಿಗೆ ಅಂಟಿಸಿದರು. ಹನಿ ಬಿದ್ದ ಕಡೆ ನೆಲದ ಶಹಾಬಾದ ಕಲ್ಲು ಮಂಕಾಯಿತು. ಅದನ್ನು ಮೊದಲು ಕಂಡದ್ದು ಆಯಿಯೇ.

“ತಡೀ ಬೇ. ಕಲ್ಲ ತಿನ್ನಾಕತ್ತೈತಿ ಇದು. ಇದೂ ಒಂದ ನಮೂನಿ ಆಸಿಡ್ಡ ಐತಿ!”

“ಲಿಂಬಿಹಣ್ಣಿನ ಮ್ಯಾಲೂ ಬಂತರಿ ನಿಮ್ಮ ಸಂಶೆ?” ಎಂದು ಕಾಶವ್ವ ಆ ದಿನ ಮೊದಲ ಸಲ ನಕ್ಕಳು. ಕಲ್ಲಿನ ಮೇಲೆ ಒದ್ದೆ ಗೋಣಿಚೀಲ ಹಾಸಿ ಮುಂದುವರಿದರು. ಮೆತ್ತಗಾದ ಕರೆಯನ್ನು ಬಟ್ಟೆಯಿಂದ ಉಜ್ಜಿ, ನೀರು ಹಾಕಿ, ಆರುವ ಮೊದಲೇ ಒಣ ಬಟ್ಟೆಯಿಂದ ಒರೆಸಿದರು. ದಪ್ಪಗೆ ಕಟ್ಟಿದ ಕೆಳಭಾಗಕ್ಕೆ ಮರುದಿನವೂ ಅದೇ ಉಪಚಾರ ಬೇಕಾಯಿತು. ಕೊನೆಗೆ ಹಸಿರು ಟೈಲ್ಸ್ ಕಂಡಾಗ ಆಯಿ ಗಾಜನ್ನು ಬೆರಳಿನಿಂದ ಮುಟ್ಟಿ, ಅದು ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡರು. ಅಂದಿನಿಂದ ಯಾರೇ ಮಿಂದರೂ ಗಾಜನ್ನು ಒಣಗುವಂತೆ ಒರೆಸಿಯೇ ಹೊರಗೆ ಬರಬೇಕು ಎಂದಾಯಿತು. ನನ್ನ ಸಾಬೂನಿಗೂ ಒಳಗೆ ಪ್ರವೇಶ ಸಿಕ್ಕಿತು.

ಶವರಿಗೆ ಕಟ್ಟಿದ ಬಟ್ಟೆಯನ್ನು ಇನ್ನು ತೆಗೆಯುತ್ತೀರಾ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಬಟ್ಟಿ ಕಟ್ಟಿದ್ದು ಜೀವಕ್ಕ ತಮ್ಮಾ. ಸುಣ್ಣಕ್ಕಲ್ಲ.”

ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಈಗ ಪತ್ರಿಕೆಯ ಆವೃತ್ತಿಯೊಂದರ ಹೊಣೆ ಹೊತ್ತಿದ್ದೇನೆ. ತಪ್ಪು ಸುದ್ದಿ ಮೊದಲ ಪುಟದಲ್ಲಿ ಬಂದು, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವುದು ನಮ್ಮ ವೃತ್ತಿಯ ಹಳೆಯ ರೂಢಿ. ನನ್ನ ಮೇಜಿಗೆ ತಿದ್ದುಪಡಿ ಬಂದರೆ ನಾನು ಕೇಳುವುದು ಒಂದೇ: ಮೊದಲು ಎಲ್ಲಿ ಬಂದಿತ್ತು? ಅಲ್ಲೇ ಹಾಕಿ, ಅಷ್ಟೇ ಅಗಲಕ್ಕೆ. ಇದರಿಂದ ಮೇಲಿನವರೊಂದಿಗೆ ಮಾತಿಗೆ ಮಾತು ಬೆಳೆದದ್ದೂ ಇದೆ. ಈ ಹಟ ನನಗೆ ಯಾವ ಸಂಪಾದಕರಿಂದಲೂ ಬಂದದ್ದಲ್ಲ.

ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡರು. ಸುದ್ದಿ ತಿಳಿದು ಬನಹಟ್ಟಿಗೆ ಹೋದೆ. ನಿಧನ ವಾರ್ತೆಗೆಂದು ಮಗ ಫೋಟೊ ಕೊಟ್ಟು, ನಾಲ್ಕು ಸಾಲು ಬರೆದುಕೊಟ್ಟಿದ್ದ. “ಶಾಂತ ಸ್ವಭಾವದವರೂ ಎಲ್ಲರನ್ನೂ ನಂಬುವವರೂ ಆಗಿದ್ದ ಮೃತರು” ಎಂದು ಅದರಲ್ಲಿತ್ತು. ದುಃಖದಲ್ಲಿದ್ದವನಿಗೆ ಏನು ಹೇಳುವುದು? ಕಾಗದ ಹಿಡಿದು ಹೊರಗೆ ಬಂದೆ. ಕಾಶವ್ವ ಗೋಡೆಗೆ ಒರಗಿ ಕುಳಿತಿದ್ದಳು. ಅಳು ಮುಗಿದು ಕಣ್ಣು ಬಾತಿತ್ತು. ಅವಳಿಗೆ ಓದಿ ಹೇಳಿದೆ.

“ಎಲ್ಲಾರನ್ನೂ ನಂಬತಿದ್ರಂತ?” ಎಂದು ಅವಳು ಮೂಗು ಒರೆಸಿಕೊಂಡಳು. “ಸುಳ್ಳ ಯಾಕ ಬರೀತೀರಿ ಸರ? ಆಯಿ ಯಾರನ್ನೂ ನಂಬತಿದ್ದಿಲ್ಲ. ನಾಕ ಮಂದ್ಯಾಗ ನನ್ನ ಬೈದ್ರು, ನಾಕ ಮಂದ್ಯಾಗನ ತಪ್ಪಾತು ಅಂದ್ರು. ಅದನ್ನ ಬರೀರಿ.”

ಪತ್ರಿಕೆಯ ನಿಧನ ವಾರ್ತೆಯಲ್ಲಿ ಹೆಸರು, ವಯಸ್ಸು, ಅಗಲಿದ ಕುಟುಂಬದವರ ವಿವರಕ್ಕೆ ಮಾತ್ರ ಜಾಗ. ಸ್ವಭಾವದ ಸಾಲನ್ನು ನಾನು ತೆಗೆದೆ. ಕಾಶವ್ವ ಹೇಳಿದ್ದನ್ನು ಅಲ್ಲಿ ಸೇರಿಸಲು ಆಗಲಿಲ್ಲ. ಇಲ್ಲಿ ಬರೆದಿದ್ದೇನೆ.